ಧಣಿಯ ನುಡಿಮುತ್ತಿನ ಉಳಿದರ್ಧ

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ದಿನ, ನವೆಂಬರ್ ಒಂದರ ಬೆಳಿಗ್ಗೆ, ಹತ್ತು ಗಂಟೆ ದಾಟಿದ ಮೇಲೆ ನಾನು ಭಾಲ್ಕಿಯ ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ತೊಗರಿ ತೂಗುವ ಕಟ್ಟೆಯ ಎಡ ಮೂಲೆಯಲ್ಲಿ, ಬೇವಿನ ಮರದ ಕೆಳಗೆ ನಿಂತಿದ್ದೆ. ಬೀದರದ ಕಡೆಯಿಂದ ಬಂದ ರೈಲು ಹೋಗಿ ಸ್ವಲ್ಪ ಹೊತ್ತಾಗಿತ್ತು. ಎಡಗೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಕಾಗದ, ಬಲಗೈಯಲ್ಲಿ ಪೆನ್ಸಿಲು. ಕಟ್ಟೆಯ ಮೇಲಿದ್ದವರಿಗೂ ನನಗೂ ನಡುವೆ ನಾಲ್ಕು ಮಾರು ಅಂತರ. ಇದು ಅಂದಾಜಲ್ಲ. ಆಮೇಲೊಮ್ಮೆ ಪೇಟೆ ಖಾಲಿಯಿದ್ದ ದಿನ ಹೋಗಿ ಎರಡೂ ಕೈ ಚಾಚಿ ಅಳೆದು ಬಂದಿದ್ದೇನೆ.

ಅಳೆಯುವ ಪ್ರಸಂಗ ಯಾಕೆ ಬಂತೆಂದರೆ, "ಅಷ್ಟು ದೂರದಿಂದ ನಿಮಗೆ ಹ್ಯಾಂಗ ಕೇಳಿಸ್ತರಿ?" ಎಂದು ಕೇಳುವವರು ಹುಟ್ಟಿಕೊಂಡಿದ್ದಾರೆ. ಕೇಳಿಸಿತು. ಎಲ್ಲವೂ ಕೇಳಿಸಿತು. ಮೂಳೆ ಮುರಿದದ್ದೂ ಕೇಳಿಸಿತು.

ನನ್ನ ಊರು ಜನವಾಡ. ಆಗ ನನಗೆ ಇಪ್ಪತ್ತೆರಡು ವರ್ಷ. ನಿಜಾಮನ ಕಾಲದಲ್ಲಿ ಸಾಲಿ ಕಲಿತ ಎಲ್ಲರಂತೆ ನಾನೂ ಬೀದರದಲ್ಲಿ ಉರ್ದುವಿನಲ್ಲೇ ಓದಿದವನು. ಕನ್ನಡದ ಅಕ್ಷರ ಕಲಿಸಿದ್ದು ತಂದೆ, ಮನೆಯ ಪಡಸಾಲೆಯಲ್ಲಿ. ಆ ವರ್ಷ ಕಚೇರಿಗಳೆಲ್ಲ ಒಮ್ಮೆಲೇ ಕನ್ನಡ ಕೇಳತೊಡಗಿದಾಗ ಕನ್ನಡದಲ್ಲಿ ಮಾತಿನ ವೇಗಕ್ಕೆ ಬರೆಯಬಲ್ಲವರು ಭಾಲ್ಕಿಯಲ್ಲಿ ಬೆರಳೆಣಿಕೆ. ಹಾಗಾಗಿ ಸಂಭ್ರಮದ ಸಭೆಯ ವರದಿ ಬರೆಯುವ ಕೆಲಸ ನನಗೆ ಬಂತು.

ಅಧ್ಯಕ್ಷತೆ ಧಣಿಯವರದು. ಔರಾದ ತಾಲ್ಲೂಕಿನಲ್ಲಿ ಡಾಬಕಾ ದಾಟಿದ ಮೇಲಿರುವ ಒಂದು ಸಣ್ಣ ಊರಿನ ಮುಕ್ಕಾಲು ಹೊಲ ಅವರದು, ಬೀದರದಲ್ಲಿ ಹವೇಲಿ, ಭಾಲ್ಕಿಯಲ್ಲಿ ಅಡತಿ ಅಂಗಡಿ. ನಿಜಾಮನಿದ್ದಾಗ ನಿಜಾಮನವರು, ನಿಜಾಮ ಶರಣಾದ ಮರುದಿನ ಖಾದಿಯವರು. ಅವರ ಬಗ್ಗೆ ಬರೆಯುವಾಗ ನಾನು 'ಅವರು' ಎಂದೇ ಬರೆಯುತ್ತೇನೆ. ಅವರ ಮರ್ಯಾದೆ ತೆಗೆಯಲು ನನ್ನ ಬಳಿ ಬೇರೆ ಸಾಮಾನಿದೆ.

ಸಭೆ ಶುರುವಾಗಿ ಒಂದಿಬ್ಬರು ಮಾತಾಡಿದ್ದರು. ಸ್ಟೇಶನ್ ರಸ್ತೆಯ ಕಡೆಯಿಂದ ಆರು ಜನ ಹೆಂಗಸರು ಬಂದರು. ಎಲ್ಲರ ಸೊಂಟದ ಮೇಲೂ ಒಂದೊಂದು ಮಣ್ಣಿನ ಕೊಡ, ಎಲ್ಲವೂ ಖಾಲಿ. ಶುಭದ ದಿನ ಖಾಲಿ ಕೊಡ ಎದುರಾಗಬಾರದೆಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಜನ ಸಿಡಿಮಿಡಿಗೊಂಡರು.

"ಏ, ಚಲೋ ದಿನ ಖಾಲಿ ಕೊಡ ಹೊತ್ಕೊಂಡು ಬಂದೀರಲ್ಲ, ಬುದ್ಧಿ ಅದ ಏನವಾ ನಿಮಗ?" ಎಂದು ಒಬ್ಬ ವ್ಯಾಪಾರಿ ಕೂಗಿದ.

ಮುಂದಿದ್ದ ಹೆಂಗಸು ನಿಲ್ಲದೆ ಹೇಳಿದರು: "ತುಂಬಿಸಿ ಕೊಡ್ರಿ. ನಾಳಿ ತುಂಬಿದ್ದೇ ತರ್ತೇವಿ."

ಅವರೇ ಆಯಿ; ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಹಾಗೇ. ಊರು ಧಣಿಯದೇ ಊರು, ಊರ ಹೊರಗಿನ ಕೇರಿ. ವಯಸ್ಸು ಐವತ್ತರ ಆಸುಪಾಸು. ರಜಾಕಾರರ ಕಾಲದಲ್ಲಿ ಮೇವಿನ ಹೊರೆಯೊಳಗೆ ಚೀಟಿ ಇಟ್ಟುಕೊಂಡು ಗಡಿಯಾಚೆಯ ಶಿಬಿರಗಳಿಗೆ ಮುಟ್ಟಿಸಿದವರು. ಒಮ್ಮೆ ಸಿಕ್ಕಿಬಿದ್ದು ಬೀದರದ ಜೈಲಿನಲ್ಲಿ ಕೆಲವು ದಿನ ಇದ್ದರು. ಆ ಹೊರೆಗೆ ರಸೀದಿ ಇಲ್ಲ, ಜೈಲಿನ ದಫ್ತರಿನಲ್ಲಿ ಅವರ ಹೆಸರು ಯಾರೂ ಬರೆದಿಲ್ಲ. ಆದ್ದರಿಂದ ಮುಂದೆ ಹೋರಾಟಗಾರರ ಪಟ್ಟಿಯಲ್ಲೂ ಅವರು ಇಲ್ಲ. ಆ ವರ್ಷ ದಸರೆಗೆ ನಾಗಪುರಕ್ಕೆ ಹೋಗಿ ಬುದ್ಧನಿಗೆ ಶರಣಾಗಿ ಬಂದಿದ್ದರು. ಅವರನ್ನು ಆಗ ಎಲ್ಲರೂ ಏಕವಚನದಲ್ಲೇ ಮಾತಾಡಿಸುತ್ತಿದ್ದರು. ನಾನೂ. ಈಗ ಬಹುವಚನ ಬರೆಯುತ್ತಿದ್ದೇನೆ. ತಡವಾಗಿದೆ ಎಂದು ಗೊತ್ತು.

ಭಾಷಣ ಮಾಡುತ್ತಿದ್ದವರು ನೀರು ಕುಡಿಯಲು ನಿಂತರು. ಆ ಸಣ್ಣ ಬಿಡುವಿನಲ್ಲಿ ಆಯಿ ಕಟ್ಟೆಯ ಎರಡು ಮೆಟ್ಟಿಲು ಹತ್ತಿದರು. ಮೂರನೆಯದನ್ನು ಹತ್ತಲಿಲ್ಲ. ಧಣಿಯ ಕಡೆ ತಿರುಗಿ, ಕೊಡವನ್ನು ಸೊಂಟದಿಂದ ಇಳಿಸದೆ, ಹೇಳಿದರು:

"ನಾಡು ದೊಡ್ಡದಾಗ್ಯಾದ. ನಿನ್ನಿ ತನಕ ಪರಊರಿನವರಿದ್ದವರು ಇವತ್ತ ಮನಿಯವರಾಗ್ಯಾರ. ಹಂಗಿದ್ರ ಧಣಿ, ನಿಮ್ಮ ಬಾವಿ ಒಂದ ಯಾಕ್ರಿ ಸಣ್ಣದು ಉಳೀತು? ಮೈಸೂರಿಗಿ ಮೈಸೂರೇ ನಿಮ್ಮ ಮನ್ಯಾಗ ಹಿಡೀತು. ನಮ್ಮ ಕೊಡ ನಿಮ್ಮ ಬಾವ್ಯಾಗ ಯಾಕ ಹಿಡಿಯಲ್ಲ?"

ಐದು ವಾಕ್ಯ. ನಾನು ಐದನ್ನೂ ಬರೆದುಕೊಂಡೆ.

ಆ ಬಾವಿಯ ವಿಷಯ ಹೇಳಬೇಕು. ಊರಲ್ಲಿ ಬೇಸಿಗೆಗೂ ಬತ್ತದ ಬಾವಿ ಅದೊಂದೇ. ಅದು ಧಣಿಯ ಹೊಲದಲ್ಲಿತ್ತು. ಕೇರಿಯವರು ಬಾವಿಯ ಕಟ್ಟೆ ಮುಟ್ಟುವಂತಿಲ್ಲ. ಬೆಳಿಗ್ಗೆ ಕೊಡಗಳನ್ನು ಕೆಳಗೆ ಸಾಲಾಗಿ ಇಟ್ಟು ದೂರ ನಿಲ್ಲಬೇಕು. ಧಣಿಯ ಆಳು ನೀರು ಸೇದಿ ಮೇಲಿಂದ ಸುರಿಯುತ್ತಿದ್ದ. ಸುರಿಯುವ ಮನಸ್ಸು ಅವನಿಗೆ ಬಂದಾಗ.

ಗಂಜಿನಲ್ಲಿ ಮೂಟೆಗಳ ಮೇಲೆ ಕೂತ ಹಮಾಲರಲ್ಲಿ ಯಾರೋ ಒಬ್ಬ "ಶಾಭಾಸ್" ಅಂದ. ಅಷ್ಟರಲ್ಲಿ ಧಣಿಯ ಕಾರಭಾರಿ, ಅಂದರೆ ಅವರ ಹೊಲಮನೆಯ ಲೆಕ್ಕ ನೋಡುವವನು, ಮೂರು ಹೆಜ್ಜೆಯಲ್ಲಿ ಬಂದು ಆಯಿಯ ಎದೆಗೆ ಅಂಗೈ ಇಟ್ಟು ತಳ್ಳಿದ. ಒಂದೇ ಸಲ, ಹೆಚ್ಚು ಜೋರಾಗಿಯೂ ಅಲ್ಲ, ಬಾಗಿಲು ದೂಡುವ ಹಾಗೆ. ಆಯಿ ಹಿಂದಕ್ಕೆ ಬಿದ್ದರು. ಬಲಗೈ ಕೆಳಗೆ ಸಿಕ್ಕಿತು. ಕೊಡ ಒಡೆಯಿತು, ಅದರ ಜೊತೆಗೆ ಇನ್ನೊಂದು ಸದ್ದು, ಹಸಿ ಜೋಳದ ದಂಟು ಮುರಿದಂಥದ್ದು.

ನಾನು ನಾಲ್ಕು ಮಾರು ದೂರದಲ್ಲಿದ್ದೆ. ಬರೆಯುತ್ತಿದ್ದೆ. ಬರೆಯುವುದನ್ನು ನಿಲ್ಲಿಸಲಿಲ್ಲ.

ಧಣಿ ನಗುತ್ತಾ ಎದ್ದು, "ಕೂಡ್ರಿ, ಕೂಡ್ರಿ. ಖುಷಿ ದಿನ ಅದ. ಆಯಿಗಿ ಒಂದು ಪೇಢೆ ಕೊಟ್ಟು ಕಳಸ್ರಿ," ಎಂದರು. ಉಳಿದ ಐವರು ಹೆಂಗಸರು ಆಯಿಯನ್ನು ಎಬ್ಬಿಸಿಕೊಂಡು ಹೋದರು. ಪೇಢೆ ಯಾರೂ ಮುಟ್ಟಲಿಲ್ಲ. ಆಮೇಲೆ ಧಣಿ ಅಧ್ಯಕ್ಷ ಭಾಷಣ ಮಾಡಿದರು. ಕೊನೆಗೆ ಕೈ ಎತ್ತಿ ಅಂದರು: "ನಾಡು ದೊಡ್ಡದಾಗ್ಯಾದ. ನಿನ್ನಿ ತನಕ ಪರಊರಿನವರಿದ್ದವರು ಇವತ್ತ ಮನಿಯವರಾಗ್ಯಾರ."

ಅಲ್ಲಿಗೆ ನಿಲ್ಲಿಸಿದರು. ಚಪ್ಪಾಳೆ ಬಿತ್ತು. ಐದು ವಾಕ್ಯದಲ್ಲಿ ಎರಡನ್ನು ಎತ್ತಿಕೊಂಡು ಮೂರನ್ನು ಕಟ್ಟೆಯ ಕೆಳಗೆ, ಒಡೆದ ಕೊಡದ ಹತ್ತಿರ, ಬಿಟ್ಟರು. ಹೇಳಿದವರು ಇನ್ನೂ ಸ್ಟೇಶನ್ ರಸ್ತೆಯ ತಿರುವು ದಾಟಿರಲಿಲ್ಲ.

ವರದಿ ಬರೆಯುವುದಕ್ಕೆ ಆಗ ಒಂದು ಪದ್ಧತಿ ಇತ್ತು. ಅಧ್ಯಕ್ಷರ ಮಾತು ಮೊದಲು, ವೇದಿಕೆಗೆ ಕರೆದವರ ಮಾತು ಆಮೇಲೆ. ಕರೆಯದೆ ಎದ್ದವರ ಮಾತು ಬರೆಯುವುದಿಲ್ಲ. ಆ ಜಾಗದಲ್ಲಿ 'ಸಭೆಯಲ್ಲಿ ಹರ್ಷೋದ್ಗಾರ' ಎಂದು ತುಂಬುವುದು. ನನ್ನನ್ನು ಯಾರೂ ಹೆದರಿಸಲಿಲ್ಲ, ಯಾರೂ ಹೇಳಿಕೊಡಲಿಲ್ಲ. ಪದ್ಧತಿಯಂತೆ ನಾನೇ ಬರೆದೆ: ಎರಡು ವಾಕ್ಯ ಧಣಿಯವರ ಹೆಸರಿನಲ್ಲಿ, ಕೈ ಮುರಿದ ಜಾಗದಲ್ಲಿ ಹರ್ಷೋದ್ಗಾರ. ಸ್ವಚ್ಛ ಪ್ರತಿ ಬೀದರಕ್ಕೆ ಹೋಯಿತು. ಪೆನ್ಸಿಲಿನ ಕಚ್ಚಾ ಹಾಳೆ ಮಾತ್ರ ನನ್ನ ಬಳಿ ಉಳಿಯಿತು.

ಮುಂದಿನ ಹತ್ತು ವರ್ಷ ಆ ಎರಡು ವಾಕ್ಯಗಳು ನನ್ನನ್ನು ಅಟ್ಟಿಸಿಕೊಂಡು ಬಂದವು. ನಾನು ಭಾಲ್ಕಿಯಲ್ಲಿ ಕನ್ನಡ ಮಾಸ್ತರನಾಗಿದ್ದೆ. ದಿನವೂ ಸಾಲಿಯ ಕರಿಹಲಗೆಯ ಮೇಲೆ ಒಂದು ನುಡಿಮುತ್ತು ಬರೆಯಬೇಕು. ತಿಂಗಳಿಗೊಮ್ಮೆಯಾದರೂ ಸರದಿ ಆ ಮಾತಿಗೆ ಬರುತ್ತಿತ್ತು, ಕೆಳಗೆ ಅಡ್ಡಗೆರೆ ಎಳೆದು ಧಣಿಯ ಹೆಸರು. ನನ್ನ ಕೈಯಿಂದಲೇ. ಭಾಷಣ ಸ್ಪರ್ಧೆಯಲ್ಲಿ ಮಕ್ಕಳು ಅದರಿಂದಲೇ ಶುರು ಮಾಡುತ್ತಿದ್ದರು.

ಆಯಿ ಆಗಾಗ ಭಾಲ್ಕಿಗೆ ಬರುತ್ತಿದ್ದರು. ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಬಲಗೈಯಿಂದ ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ. ಔರಾದದ ತಹಸೀಲು ಕಚೇರಿಯ ಮುಂದೆ ಬಾವಿಯ ಅರ್ಜಿ ಹಿಡಿದು ಎಷ್ಟು ಸಲ ಕೂತಿದ್ದರೋ ಅವರಿಗೇ ಲೆಕ್ಕವಿರಲಿಲ್ಲ. ಅರ್ಜಿ ಬರೆದುಕೊಡಲು ನನ್ನ ಹತ್ತಿರ ಬರುವರು. ಗಂಜಿನ ಮಾತು ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಅರ್ಜಿಯ ಕೆಳಗೆ ಎಡಗೈ ಹೆಬ್ಬೆಟ್ಟು ಒತ್ತಿ, "ಬಲಗೈದು ಧಣ್ಯಾರ ಹತ್ರ ಅದ, ಮಾಸ್ತರ," ಎಂದು ಒಮ್ಮೆ ನಕ್ಕಿದ್ದರು. ನಾನು ನಗಲಿಲ್ಲ. ಆ ದಿನದಿಂದ ನಾನು ಸೇಡಿಗೆ ಜಾಗ ಹುಡುಕತೊಡಗಿದೆ.

ರಾಜ್ಯ ಸೇರಿದ ಹತ್ತನೆಯ ವರ್ಷಕ್ಕೆ ಬೀದರದಲ್ಲಿ ಒಂದು ಪುಸ್ತಿಕೆ ತರಬೇಕೆಂದಾಯಿತು: ಜಿಲ್ಲೆಯ ಮುಖಂಡರ ನುಡಿಮುತ್ತುಗಳು, ಪುಟಕ್ಕೊಂದರಂತೆ. ಆಯ್ಕೆಗೆ ಮೂವರು. ಒಬ್ಬರು ನಿವೃತ್ತ ಹೆಡ್ ಮಾಸ್ತರರು, ಒಬ್ಬರು ಹಳೆಯ ಕಚೇರಿಯ ಮುನ್ಶಿ ಸಾಹೇಬರು, ಮೂರನೆಯವನು ನಾನು. ಚೌಬಾರಾ ಗೋಪುರದ ಹತ್ತಿರ ಮುನ್ಶಿ ಸಾಹೇಬರ ಮನೆಯಲ್ಲಿ ಚಾಪೆ ಹಾಸಿಕೊಂಡು ಕೂತೆವು. ಮುಂದೆ ಹಳೆಯ ವರದಿಗಳ ರಾಶಿ, ಅದರಲ್ಲಿ ಅರ್ಧ ನನ್ನ ಅಕ್ಷರ.

ಹೆಡ್ ಮಾಸ್ತರರು ಮೊದಲೇ ಕಾಯಿದೆ ಹಾಕಿದರು. "ನೋಡ್ರಿ, ನುಡಿಮುತ್ತು ಅಂದ್ರ ಕರಿಹಲಗಿ ಮ್ಯಾಲ ಎರಡು ಸಾಲಿನ್ಯಾಗ ಕೂಡಬೇಕು. ಯಾರಿಗೂ ಬೈದಿರಬಾರದು. ಮತ್ತ ಪ್ರಶ್ನೆ ಇರಬಾರದು."

"ಪ್ರಶ್ನೆ ಯಾಕಿರಬಾರದ್ರಿ?" ಎಂದೆ.

"ಪ್ರಶ್ನೆ ಇತ್ತಂದ್ರ ಹುಡುಗರು ಉತ್ತರ ಕೇಳ್ತಾರರಿ. ಉತ್ತರ ನಿಮ್ಮ ಹತ್ರ ಅದ ಏನು?"

ಮುನ್ಶಿ ಸಾಹೇಬರು ಎಲೆಯಡಿಕೆ ಬಾಯಲ್ಲಿಟ್ಟುಕೊಂಡೇ ನಕ್ಕರು. "ಮಾಸ್ತರ, ಇವರ ಕಾಯಿದಿ ಖರೇ ಅದ. ಕುರಿ ಮಾರಬೇಕಾದ್ರ ತುಪ್ಪಳ ಕತ್ತರಿಸಿ ಮಾರ್ತಾರ. ಮಾತೂ ಹಂಗೇ. ಕತ್ತರಿಸಿದ ಮ್ಯಾಲೇ ಹಸನು ಕಾಣ್ತದ."

ಮೊದಲ ಪುಟಕ್ಕೆ ಧಣಿಯ ಎರಡು ವಾಕ್ಯ. ಯಾರೂ ಚರ್ಚೆ ಮಾಡಲಿಲ್ಲ. ನಾನು ಜೇಬಿನಲ್ಲಿ ಮಡಿಚಿಟ್ಟ ಪೆನ್ಸಿಲಿನ ಹಾಳೆ ತೆಗೆದು ಹೇಳಿಯೇ ಬಿಡೋಣ ಎಂದುಕೊಂಡೆ. ತೆಗೆಯಲಿಲ್ಲ. ಅದು ಹೆದರಿಕೆಯಿಂದ ಅಲ್ಲ. ಇಬ್ಬರು ಮುದುಕರ ಮುಂದೆ ಹೇಳಿದರೆ ಎಲೆಯಡಿಕೆಯ ಜೊತೆ ಉಗುಳಿಹೋಗುತ್ತದೆ ಅನಿಸಿತು. ನನಗೆ ಬೇಕಾಗಿದ್ದದ್ದು ಗಂಜಿನಷ್ಟೇ ದೊಡ್ಡ ಜನ, ಮತ್ತು ಅದೇ ಬಾಯಿ.

ಆ ಬಾಯಿಗೆ ಕನ್ನಡ ಕಲಿಸುತ್ತಿದ್ದವನೂ ನಾನೇ. ಧಣಿ ಮಾತಾಡುತ್ತಿದ್ದದ್ದು ಕನ್ನಡ, ಓದು ಬರಹ ಉರ್ದು. ಅವರ ಭಾಷಣಗಳನ್ನೆಲ್ಲ ಉರ್ದು ಅಕ್ಷರದಲ್ಲಿ ಬರೆದುಕೊಡಬೇಕಿತ್ತು. ನಮ್ಮ ಕಡೆ ಆ ತಲೆಮಾರಿನ ಮುಖಂಡರು ಹೆಚ್ಚು ಕಡಿಮೆ ಎಲ್ಲರೂ ಹೀಗೇ. ಕನ್ನಡ ರಾಜ್ಯ ಬೇಕೆಂದು ಕೂಗಿದ್ದು ಖರೇ, ಅದರ ಅಕ್ಷರ ಬಂದಿರಲಿಲ್ಲ. ಬೆಂಗಳೂರಿನ ಯಾರೋ ಅಧಿಕಾರಿ ಅವರ ಉರ್ದು ಸಹಿ ನೋಡಿ ನಕ್ಕಿದ್ದನಂತೆ. ಅಂದಿನಿಂದ ಹಠ ಹಿಡಿದು ರವಿವಾರ ಮುಂಜಾನೆ ನನ್ನನ್ನು ಹವೇಲಿಗೆ ಕರೆಸುತ್ತಿದ್ದರು. ಬೆರಳಿಟ್ಟು ಒಂದೊಂದೇ ಅಕ್ಷರ ಎತ್ತಿ ಜೋರಾಗಿ ಓದುವರು. ಸಾಲಿನ ಕೊನೆಗೆ ಬಂದಾಗ ಸಾಲಿನ ಮೊದಲು ಏನಿತ್ತೆಂದು ಮರೆತಿರುತ್ತಿದ್ದರು.

"ಅರ್ಥ ಆತೇನ್ರಿ, ಧಣಿ?" ಎಂದು ಕೇಳಿದರೆ, "ಓದೋದು ನಂದು, ಅರ್ಥ ನಿಂದು. ಮುಂದ ನಡಿ," ಅನ್ನುವರು.

ಔರಾದದಲ್ಲಿ ಪುಸ್ತಿಕೆ ಬಿಡುಗಡೆ ಎಂದು ಗೊತ್ತಾದಾಗ ಅವರೇ ಹೇಳಿದರು: "ಮಾಸ್ತರ, ಈ ಸಲ ಉರ್ದು ಬ್ಯಾಡ. ನನ್ನ ಮಾತು ನಾನೇ ಕನ್ನಡದಾಗ ಓದ್ತೇನಿ. ಪುಸ್ತಕ ಹಿಡಕೊಂಡು ಓದ್ತೇನಿ. ಎಲ್ಲಾರೂ ನೋಡ್ಲಿ."

"ಓದ್ರಿ, ಧಣಿ," ಎಂದೆ.

ಕೊನೆಯ ಪ್ರೂಫು ನೋಡುವ ಜವಾಬ್ದಾರಿ ನನ್ನದು. ಬೀದರದ ಛಾಪಖಾನೆಯಲ್ಲಿ ಮೊದಲ ಪುಟದ ಅಚ್ಚುಮೊಳೆ ಜೋಡಿಸಿ ಇಟ್ಟಿದ್ದರು. ಎರಡು ವಾಕ್ಯದ ಕೆಳಗೆ ಬೇಕಾದಷ್ಟು ಖಾಲಿ ಜಾಗ. ನಾನು ಪೆನ್ಸಿಲಿನ ಹಾಳೆ ಬಿಚ್ಚಿ ಉಳಿದ ಮೂರು ವಾಕ್ಯ ಪ್ರೂಫಿನ ಮೇಲೆ ಬರೆದೆ. ಧಣಿಯ ಹೆಸರು ಹೊಡೆದು ಹಾಕಿ, ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ, ಇದು ಭಾಲ್ಕಿಯ ಗಂಜಿನಲ್ಲಿ ಆಯಿ ಹೇಳಿದ ಮಾತು ಎಂದು ಸೇರಿಸಿದೆ. ಅಕ್ಷರ ಜೋಡಿಸುವ ಚಾಚಾ ಕನ್ನಡಕ ಮೇಲೆ ಮಾಡಿ ಓದಿದರು. ಮತ್ತೆ ಓದಿದರು.

"ಧಣ್ಯಾರು ನೋಡ್ಯಾರೇನಪಾ ಇದು?"

"ಓದ್ತಾರ ಚಾಚಾ. ಅವರೇ ಓದ್ತಾರ. ಸಭಾದಾಗ."

ಚಾಚಾ ನನ್ನ ಮುಖ ನೋಡಿದರು. "ಇದು ಮೊಳಿ ಜೋಡಸೂ ಕೆಲಸ ಅಲ್ಲಪ್ಪ, ಮೊಳಿ ಹೊಡಿಯೋ ಕೆಲಸ," ಎಂದು ಗೊಣಗಿ ಸ್ಟೂಲಿನ ಮೇಲೆ ಕೂತು ಒಂದೊಂದೇ ಅಕ್ಷರ ಎತ್ತಿ ಇಟ್ಟರು.

ಬಿಡುಗಡೆಯ ಹಿಂದಿನ ದಿನ ಧಣಿಗೆ ನಾನು ಸುಳ್ಳು ಹೇಳಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯುತ್ತೇನೆ. "ಆ ಮಾತು ಇಷ್ಟು ದಿನ ಅರ್ಧ ಇತ್ತರಿ. ಈಗ ಪೂರಾ ಹಾಕೇನ್ರಿ," ಎಂದೆ.

"ಎಷ್ಟು ಸಾಲು ಆತು?"

"ಎರಡು ಮಾತಿದ್ದದ್ದು ಐದು ಆಗ್ಯಾವ್ರಿ."

"ಶಾಭಾಸ್. ಉದ್ದ ಇದ್ರ ಚಲೋನೇ," ಎಂದರು.

ಔರಾದದ ಸಾಲಿಯ ಬಯಲು. ಹಳ್ಳಿಹಳ್ಳಿಗಳಿಂದ ಜನ. ನಾನು ವೇದಿಕೆಯ ಬಲಗಡೆ, ನೀರಿನ ಹೂಜಿಯ ಪಕ್ಕದಲ್ಲಿ ನಿಂತಿದ್ದೆ. ಧಣಿ ಪುಸ್ತಿಕೆ ಬಿಡಿಸಿದರು, ಕನ್ನಡಕ ಹಾಕಿದರು, ಬಲಗೈ ತೋರುಬೆರಳು ಮೊದಲ ಅಕ್ಷರದ ಮೇಲೆ ಇಟ್ಟರು. ಮೊದಲ ಎರಡು ವಾಕ್ಯ ಸಲೀಸಾಗಿ ಬಂದವು, ಅವು ಬಾಯಿಪಾಠ. ಚಪ್ಪಾಳೆ ಬಿತ್ತು. ಬೆರಳು ಕೆಳಗಿಳಿಯಿತು. ಇಲ್ಲಿಂದ ಅವರು ಒಂದೊಂದೇ ಅಕ್ಷರ ಎತ್ತಬೇಕಾಯಿತು, ಮತ್ತು ಎತ್ತಿದ್ದನ್ನು ಜೋರಾಗಿ ಹೇಳುವುದೇ ಅವರ ರೂಢಿ.

"ಹಂ... ಗಿ... ದ್ರ... ಧಣಿ," ಎಂದರು. 'ಧಣಿ' ಎಂಬಲ್ಲಿ ಮುಖ ಅರಳಿತು. ತಮ್ಮನ್ನು ಗೌರವದಿಂದ ಕರೆದಿದ್ದಾರೆಂದು ತಿಳಿದು ಜನರ ಕಡೆ ಒಮ್ಮೆ ನೋಡಿ ದನಿ ಏರಿಸಿದರು. "ನಿ... ಮ್ಮ ಬಾ... ವಿ ಒಂ... ದ ಯಾಕ್ರಿ ಸ... ಣ್ಣದು ಉ... ಳೀತು."

ಬಯಲಿನಲ್ಲಿದ್ದ ಜನಕ್ಕೆ ಅರ್ಥವಾಗಿತ್ತು, ಓದುವವರಿಗೆ ಆಗಿರಲಿಲ್ಲ. ಬೆರಳು ಮುಂದೆ ಸರಿಯಿತು. ಮೈಸೂರು ಹಿಡಿದದ್ದನ್ನು ಓದಿದರು. "ನ... ಮ್ಮ ಕೊ... ಡ..." ಎಂದು ಓದಿದರು. ಬಾವಿ ಇನ್ನೊಮ್ಮೆ ಬಂತು. ಕೊನೆಯ 'ಹಿಡಿಯಲ್ಲ' ಬಾಯಿಂದ ಬೀಳುವ ಹೊತ್ತಿಗೆ ಬೆರಳು ನಿಂತಿತು. ಹಿಂದಕ್ಕೆ ಹೋಯಿತು. ಈ ಸಲ ತುಟಿ ಮಾತ್ರ ಆಡಿತು.

ಹಿಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕೂತಿದ್ದ ಒಬ್ಬ ಕುರುಬ ಮುದುಕ ಎದ್ದು ಪಕ್ಕದವನಿಗೆ ಹೇಳುವಂತೆ ಊರಿಗೇ ಹೇಳಿದ: "ಅಬಬಬ! ಧಣಿ ತಮ್ಮ ಬಾವಿ ನ್ಯಾಯ ತಾವೇ ಕೇಳ್ಯಾರಲೋ! ಇನ್ನ ಯಾರು ಹೇಳಬೇಕು ಉತ್ತರ?"

ನಗೆ ಹಿಂದಿನಿಂದ ಮುಂದಕ್ಕೆ ಬಂತು. ಮುಂದಿನ ಕುರ್ಚಿಯವರೂ ರುಮಾಲು ಬಾಯಿಗೆ ಹಿಡಿದರು. ಧಣಿ ನನ್ನ ಕಡೆ ತಿರುಗಿದರು. ನಾನು ಹೂಜಿಯಿಂದ ಒಂದು ಗ್ಲಾಸು ನೀರು ಬಗ್ಗಿಸಿ ಅವರ ಮುಂದೆ ಹಿಡಿದೆ.

"ನೀರ್ರಿ, ಧಣಿ," ಎಂದೆ.

ಇಷ್ಟು ವರ್ಷದ ಮೇಲೂ ಆ ಗ್ಲಾಸು ಹಿಡಿದ ಕ್ಷಣಕ್ಕೆ ನಾಚಿಕೆಪಡಲಾರೆ. ಹತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಸುಳ್ಳಿಗೆ, ಜೋಳದ ದಂಟಿನ ಆ ಸದ್ದಿಗೆ, ಒಂದು ಗ್ಲಾಸು ಹೆಚ್ಚಲ್ಲ. ಆ ದಿನ ಮಧ್ಯಾಹ್ನ ನನಗೆ ಹೊಟ್ಟೆ ತುಂಬಿದಂತೆ ಇತ್ತು, ಊಟ ಮಾಡಲಿಲ್ಲ.

ಸಂಜೆಯೊಳಗೆ ಪುಸ್ತಿಕೆಗಳನ್ನೆಲ್ಲ ವಾಪಸು ಕೂಡಿಸಿದರು. ಮೊದಲ ಪುಟ ಹರಿದು, ಎರಡೇ ವಾಕ್ಯದ ಹೊಸ ಪುಟ ಅಂಟಿಸಿ ಹಂಚಿದರು. ನನ್ನ ಮೇಲೆ ದೂರು ಹೋಯಿತು, ದೂರದ ಒಂದು ಸಾಲಿಗೆ ವರ್ಗವಾಯಿತು. ಅದಕ್ಕೆಲ್ಲ ನಾನು ಸಿದ್ಧನಿದ್ದೆ. ಸಿದ್ಧನಿರದಿದ್ದದ್ದು ಬೇರೆ.

ಎಂಟನೆಯ ದಿನ ಆಯಿಗೆ ಸುದ್ದಿ ಹೇಳಲು ಹೋದೆ. ಡಾಬಕಾದ ತನಕ ಬಸ್ಸು, ಮುಂದೆ ನಡಿಗೆ. ದಾರಿಯುದ್ದಕ್ಕೂ ಹೇಗೆ ಹೇಳಬೇಕು, ಎಲ್ಲಿ ನಿಲ್ಲಿಸಿ ನಗಿಸಬೇಕು ಎಂದು ಜೋಡಿಸಿಕೊಳ್ಳುತ್ತಾ ಹೋದೆ. ಧಣಿಯ ಹೊಲದ ಬದಿಯಲ್ಲಿ ದಾರಿ ತಿರುಗುವಲ್ಲಿ ಬಾವಿ ಕಾಣಿಸಿತು. ಕೇರಿಯವರು ಕೊಡ ಇಡುತ್ತಿದ್ದ ಜಾಗದ ತುಂಬ ಜಾಲಿಯ ಮುಳ್ಳು ಒಟ್ಟಿದ್ದರು, ಎದೆಯೆತ್ತರ. ಸುರಿಯುವ ಆಳು ಇರಲಿಲ್ಲ. ಔರಾದದ ಸಭೆಯ ಮರುದಿನವೇ ನಿಲ್ಲಿಸಿದ್ದರಂತೆ. ಕೇರಿಯ ಹೆಂಗಸರು ಆ ಎಂಟು ದಿನ ಹಳ್ಳದ ಉಸುಕು ಬಗೆದು ನೀರು ತರುತ್ತಿದ್ದರು. ಅವರಲ್ಲೊಬ್ಬಳು ಬಸುರಿ.

ಆಯಿ ಗುಡಿಸಲ ಮುಂದೆ ಕೂತು ಎಡಗೈಯಿಂದ ತೊಗರಿ ಹಸನು ಮಾಡುತ್ತಿದ್ದರು. ನಾನು ಕೂತೆ.

"ಧಣ್ಯಾರ ಬಾಯಿಲಿಂದ ನನ್ನ ಮಾತು ಆಡಿಸಿದಿ ಅಂತ," ಎಂದು ಅವರೇ ಶುರು ಮಾಡಿದರು.

"ಹೂಂ, ಆಯಿ. ಎಲ್ಲಾರ ಮುಂದ. ಐದೂ ಮಾತು."

"ನನಗ ಕೇಳಿದ್ದೇನು?"

"ಇಲ್ಲ, ಆಯಿ."

"ಮಾತು ನಂದು. ಅವರು ನನಗ ಕೇಳ್ದೇ ತಗೊಂಡ್ರು. ನೀನೂ ಕೇಳ್ದೇ ತಗೊಂಡಿ. ಅವರಿಗಿ ಚಪ್ಪಾಳಿ ಸಿಕ್ತು, ನಿನಗ ನಗಿ ಸಿಕ್ತು. ನನಗ ಏನು ಸಿಕ್ತು, ಅಕಾ ನೋಡು," ಎಂದು ಸೊಟ್ಟ ಕೈಯಿಂದ ಮುಳ್ಳಿನ ಕಡೆ ತೋರಿಸಿದರು.

"ತಪ್ಪಾತು ಆಯಿ."

"ನಾ ಅದನ್ನ ಸುಂದರ ಕಾಣಲಿ ಅಂತ ಅಂದಿದ್ದಿಲ್ಲ ಮಾಸ್ತರ. ನೀರು ಬೇಕಾಗಿತ್ತು, ಅಂದಿದ್ದೆ. ಮುಂದಿನ ತಿಂಗಳ ತಹಸೀಲದಾರ ಬಾವಿ ನೋಡಾಕ ಬರ್ತೇನಿ ಅಂದಿದ್ದ. ಧಣ್ಯಾರನ್ನ ಒಪ್ಪಿಸಿ ತರ್ತೇನಿ ಅಂದಿದ್ದ. ಈಗ ಅವನೂ ಬರಂಗಿಲ್ಲ."

ಇದು ನನಗೆ ಗೊತ್ತಿರಲಿಲ್ಲ. ಅವರ ಅರ್ಜಿಗಳನ್ನೆಲ್ಲ ಬರೆದವನು ನಾನು. ಕೊನೆಯ ಅರ್ಜಿಯ ಉತ್ತರ ಏನಾಯಿತೆಂದು ಕೇಳಿರಲಿಲ್ಲ. ಸೇಡಿನ ಕೆಲಸದಲ್ಲಿ ಮುಳುಗಿದ್ದೆ.

ಆಯಿ ಮೊರ ಪಕ್ಕಕ್ಕಿಟ್ಟು ಹೇಳಿದರು: "ಬರಿಯೋದು ನಿನ್ನ ಕೆಲಸ, ಬ್ಯಾಡ ಅನ್ನಂಗಿಲ್ಲ. ಬರದ್ರ ಪೂರಾ ಬರಿ. ಬರೇ ನನ್ನ ಮಾತು ಬರಿಬ್ಯಾಡ. ಯಾರು ತಳ್ಳಿದ್ರು ಬರಿ. ಯಾರು ನೋಡ್ಕೋತ ನಿಂತಿದ್ರು, ಅದನ್ನೂ ಬರಿ. ಅದರಾಗ ನೀನೂ ಇದ್ದಿ."

ನಾನು ಮುಳ್ಳು ತೆಗೆಯಲು ಹೋದೆ. ಕೇರಿಯ ಇಬ್ಬರು ಗಂಡಸರು ಕೈ ಹಿಡಿದು ನಿಲ್ಲಿಸಿದರು. "ನೀವು ತೆಗೆದು ಬಸ್ ಹತ್ತಿ ಹೋಗ್ತೀರಿ, ಸರ. ಹೊಡೆತ ನಮಗ ಬೀಳ್ತಾವ," ಎಂದರು. ಅವರ ಮಾತು ಸರಿಯಿತ್ತು. ಬಸ್ಸು ಹತ್ತಿ ಹೋದೆ.

ಎರಡು ಬೇಸಿಗೆ ಅವರು ಹಳ್ಳದ ನೀರು ಕುಡಿದರು. ಆಯಿ ಔರಾದದ ಕಚೇರಿಯ ಮುಂದೆ ಕೂರುವುದನ್ನು ಬಿಡಲಿಲ್ಲ; ಮೂರನೆಯ ವರ್ಷ ಕೇರಿಯಲ್ಲೇ ಸರಕಾರದಿಂದ ಒಂದು ಬಾವಿ ತೋಡಿಸಿದರು. ಮೊದಲ ಕೊಡ ಸೇದಿದವರು ಅವರಲ್ಲ, ಎರಡೂ ಕೈ ಸರಿಯಿದ್ದವರು. ಅದಾದ ನಾಲ್ಕನೆಯ ವರ್ಷ ತೀರಿಕೊಂಡರು. ಜಿಲ್ಲೆಯ ಪತ್ರಿಕೆಯಲ್ಲಿ ಒಂದು ಸಾಲೂ ಬರಲಿಲ್ಲ. ಧಣಿ ತೀರಿಕೊಂಡಾಗ ಪೂರ್ತಿ ಪುಟ ಬಂತು. ನಡುವೆ ಚೌಕಟ್ಟು ಹಾಕಿ ಆ ಎರಡು ವಾಕ್ಯ.

ಈಗ ಇದನ್ನು ಬರೆಯಲು ಕಾರಣ, ಧಣಿಯ ಮನೆಯವರು ಭಾಲ್ಕಿಯಲ್ಲಿ ಕಟ್ಟಿಸುತ್ತಿರುವ ಸಭಾಭವನದ ಹೆಬ್ಬಾಗಿಲಿಗೆ ಆ ಎರಡು ವಾಕ್ಯವನ್ನು ಕಲ್ಲಿನಲ್ಲಿ ಕೊರೆಸುತ್ತಿದ್ದಾರೆ. ಅವರ ಮಗ ನನ್ನ ಹತ್ತಿರ ಬಂದಿದ್ದರು. ವಿನಯದವರು. "ಅಪ್ಪಾರ ಮಾತು ತಪ್ಪಿಲ್ಲದಂಗ ಬರದು ಕೊಡ್ರಿ ಸರ. ಮೂಲ ವರದಿ ಬರದವರು ನೀವೇ ಅಂತಲ್ಲ," ಎಂದರು. ನಾನು ಐದೂ ವಾಕ್ಯ ಬರೆದು ಕೊಟ್ಟೆ, ಯಾರು ಹೇಳಿದ್ದೆಂದೂ ಬರೆದೆ. ಓದಿ, ಮಡಿಚಿ, ಜೇಬಿನಲ್ಲಿಟ್ಟುಕೊಂಡು, "ಕಲ್ಲಿನ ಮ್ಯಾಲ ಅಷ್ಟು ಜಾಗ ಇಲ್ಲರಿ," ಎಂದು ಹೋದರು.

ಕಾಗದದ ಮೇಲೆ ಜಾಗವಿದೆ. ಆ ಎರಡು ವಾಕ್ಯ ಧಣಿಯವು ಅಲ್ಲ. ಅವು ಅವರನ್ನು ಉದ್ದೇಶಿಸಿ, ಅವರ ಮುಖಕ್ಕೆ ಹೇಳಿದ ಪ್ರಶ್ನೆಯ ಮೊದಲ ತುಂಡು. ಹೇಳಿದವರನ್ನು ಧಣಿಯ ಕಾರಭಾರಿ ಧಣಿಯ ಕಣ್ಣೆದುರೇ ತಳ್ಳಿದ. ಅವರು ತಡೆಯಲಿಲ್ಲ, ನಕ್ಕರು, ಪೇಢೆ ಕೊಡಿಸಿದರು, ಮಾತು ಕದ್ದರು. ನಾನು ನಾಲ್ಕು ಮಾರು ದೂರ ನಿಂತು ನೋಡಿದೆ, ಕದ್ದದ್ದಕ್ಕೆ ಕಾಗದ ಮಾಡಿಕೊಟ್ಟೆ. ಹತ್ತು ವರ್ಷದ ನಂತರ ಆ ಊರಿನ ನೀರು ನಿಂತದ್ದು ನನ್ನಿಂದ. ಸಭಾಭವನದ ಬಾಗಿಲಲ್ಲಿ ಕಲ್ಲು ಕೂರಿಸುವ ದಿನ ಇದು ಅಚ್ಚಾಗಿ ಭಾಲ್ಕಿಯಲ್ಲಿ ಸಿಗುವಂತೆ ನೋಡಿಕೊಂಡಿದ್ದೇನೆ. ಕಲ್ಲು ಓದಿದವರು ಇದನ್ನೂ ಓದಲಿ. ಧಣಿಯನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುವ ಹಕ್ಕು ಇದ್ದವರು ಈಗ ಇಲ್ಲ.

ಆ ಬೆಳಿಗ್ಗೆ ಗಂಜಿನಲ್ಲಿ ಇದನ್ನು ಕಂಡವರಲ್ಲಿ ನನ್ನನ್ನು ಬಿಟ್ಟು ಇನ್ನೂ ಮೂವರು ಬದುಕಿದ್ದಾರೆ. ಅಚ್ಚಿಗೆ ಕೊಡುವ ಮೊದಲು ಮೂವರಿಗೂ ಓದಿ ಹೇಳಿದ್ದೇನೆ. ಒಬ್ಬರು ಕೊಡ ಹೊತ್ತು ಬಂದ ಆರು ಜನರಲ್ಲಿ ಎಲ್ಲರಿಗಿಂತ ಕಿರಿಯರು. ಬೀದರದಲ್ಲಿ ನರ್ಸಾಗಿರುವ ಮಗಳ ಮನೆಯಲ್ಲಿದ್ದಾರೆ. ಇನ್ನೊಬ್ಬರು ಮೂಟೆಯ ಮೇಲೆ ಕೂತು ಶಾಭಾಸ್ ಅಂದ ಹಮಾಲರು. ಭಾಲ್ಕಿಯಲ್ಲೇ ಇದ್ದಾರೆ, ಬೆನ್ನು ಬಾಗಿದೆ, ಶಾಭಾಸ್ ಅಂದದ್ದು ತಾವೇ ಎಂದು ಹೇಳಲು ಈಗ ಹೆದರುವುದಿಲ್ಲ. ಮೂರನೆಯವನು ಕಾರಭಾರಿ. ಔರಾದದಲ್ಲಿ ತಮ್ಮನ ಮನೆಯಲ್ಲಿದ್ದಾನೆ. ಓದಿ ಮುಗಿಸಿದಾಗ, "ತಳ್ಳಿದ್ದು ಖರೇ," ಅಂದ. ಅವನ ಕಣ್ಣು ಸರಿಯಿದೆ, ಕಿವಿ ಸರಿಯಿದೆ, ನೆನಪೂ ಸರಿಯಿದೆ.